ತೋಟ, ಪೇಟೆಯ ಮನೆ, ಅಮೆರಿಕದ ಮಗ: ವಾರಸಿಕೆಯಲ್ಲಿ ತೆರಿಗೆ ಬೀಳುವುದೆಲ್ಲಿ?

ಪ್ರಶ್ನೆ: ನನಗೆ 72 ವರ್ಷ. ನಾನು ಮತ್ತು ಪತ್ನಿ ಶಿರಸಿ ತಾಲೂಕಿನ ನಮ್ಮ ತೋಟದ ಮನೆಯಲ್ಲಿದ್ದೇವೆ. ಎರಡೂವರೆ ಎಕರೆ ಅಡಿಕೆ ತೋಟ ಅಣ್ಣತಮ್ಮಂದಿರ ಪಾಲಿನಲ್ಲಿ ಬಂದದ್ದು. ಶಿರಸಿ ಪೇಟೆಯಲ್ಲಿ 1988ರಲ್ಲಿ 60,000 ರೂಪಾಯಿಗೆ ನಾನೇ ಕೊಂಡ ಒಂದು ಹಳೆಯ ಮನೆಯಿದೆ. ಸೊಸೈಟಿ ಮತ್ತು ಬ್ಯಾಂಕಿನಲ್ಲಿ ಠೇವಣಿಗಳಿವೆ. ಪತ್ನಿಯ ತವರಿನ ಕಡೆಯಿಂದ ಅಂಕೋಲಾ ಸಮೀಪ ಸೀಬರ್ಡ್ ನೌಕಾನೆಲೆ ಯೋಜನೆಗೆ ಹೋದ ಜಮೀನಿನ ಹೆಚ್ಚುವರಿ ಪರಿಹಾರ ಇನ್ನೂ ಬರಬೇಕಾಗಿದೆ. ಮಗ ಗ್ರೀನ್ ಕಾರ್ಡ್ ಪಡೆದು ಅಮೆರಿಕದಲ್ಲಿ ನೆಲೆಸಿದ್ದಾನೆ, ಮಗಳು ಕಾರವಾರದಲ್ಲಿದ್ದಾಳೆ. ಸತ್ತವರ ಆಸ್ತಿಗೆ ಸರ್ಕಾರ ತೆರಿಗೆ ಹಾಕಲಿದೆ, ಅಮೆರಿಕದಲ್ಲಂತೂ ಶೇಕಡಾ 40 ಹೋಗುತ್ತದೆ, ಆದ್ದರಿಂದ ಈಗಲೇ ಎಲ್ಲವನ್ನೂ ಮಗನ ಹೆಸರಿಗೆ ದಾನಪತ್ರ ಮಾಡಿಬಿಡಿ ಎಂದು ಆಪ್ತರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ನೇರವಾದ ಮಾತು. ಈ ಕಾರಣಕ್ಕಾಗಿ ದಾನಪತ್ರಕ್ಕೆ ಸಹಿ ಹಾಕಬೇಡಿ. ನಿಮ್ಮ ಆಪ್ತರು ಹೇಳುವ ತೆರಿಗೆ ಭಾರತದಲ್ಲಿ ಇಂದು ಇಲ್ಲ. ಅಮೆರಿಕದ ಶೇಕಡಾ 40ರ ತೆರಿಗೆ ಶಿರಸಿಯಲ್ಲಿರುವ ನಿಮ್ಮ ಆಸ್ತಿಯನ್ನು ಮುಟ್ಟುವುದಿಲ್ಲ. ಆದರೆ ಅವರು ಸೂಚಿಸಿದ ಹಾದಿ ಹಿಡಿದರೆ ನಿಮ್ಮ ಮಗನಿಗೆ ಈಗ ಇಲ್ಲದ ಒಂದು ತೆರಿಗೆಯ ಹೊರೆ ಹೊಸದಾಗಿ ಹುಟ್ಟುತ್ತದೆ. ಇದು ಹೇಗೆಂದು ವಿವರವಾಗಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಮೃತರ ಆಸ್ತಿಯ ಮೇಲೆ ತೆರಿಗೆ ಇದ್ದದ್ದು ನಿಜ. ಸಿ. ಡಿ. ದೇಶಮುಖರು ಹಣಕಾಸು ಸಚಿವರಾಗಿದ್ದಾಗ, 1953ರಲ್ಲಿ ಎಸ್ಟೇಟ್ ಡ್ಯೂಟಿ ಕಾಯ್ದೆ ಬಂತು, ಮತ್ತು ಒಂದು ಕಾಲಕ್ಕೆ ಅತಿ ದೊಡ್ಡ ಆಸ್ತಿಗಳ ಮೇಲೆ ಅದರ ದರ ಶೇಕಡಾ 85ರವರೆಗೂ ಏರಿತ್ತು. ದರ ಅಷ್ಟಿದ್ದರೂ ವಸೂಲಾಗುತ್ತಿದ್ದುದು ವರ್ಷಕ್ಕೆ ಸುಮಾರು 20 ಕೋಟಿ ರೂಪಾಯಿ ಮಾತ್ರ, ವ್ಯಾಜ್ಯಗಳಿಗಂತೂ ಲೆಕ್ಕವಿರಲಿಲ್ಲ. ಆದ್ದರಿಂದ 1985ರ ಬಜೆಟ್‌ನಲ್ಲಿ ವಿ. ಪಿ. ಸಿಂಗ್ ಅದನ್ನು ರದ್ದುಪಡಿಸಿದರು. 1958ರ ದಾನ ತೆರಿಗೆ 1998ರಲ್ಲಿ ನಿಂತಿತು, ಸಂಪತ್ತು ತೆರಿಗೆ 2015ರ ಬಜೆಟ್‌ನಲ್ಲಿ ಹೋಯಿತು. 2024ರ ಲೋಕಸಭಾ ಚುನಾವಣೆಯ ಸಮಯದಲ್ಲಿ ವಾರಸಿಕೆ ತೆರಿಗೆಯ ಬಗ್ಗೆ ಬಿರುಸಿನ ಚರ್ಚೆ ನಡೆದದ್ದು ನಿಮ್ಮ ಆಪ್ತರ ಮನಸ್ಸಿನಲ್ಲಿ ಉಳಿದಿರಬಹುದು, ಆದರೆ ಅದು ಕಾಯ್ದೆಯಾಗಲಿಲ್ಲ. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ರೂಪಿಸಲಾದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಅಂಥ ತೆರಿಗೆಯಿಲ್ಲ. ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಇಲ್ಲಿ ಸಂಖ್ಯೆಗಳನ್ನು ಹೇಳುವುದಿಲ್ಲ.

ಉಯಿಲಿನ ಮೂಲಕ ಅಥವಾ ವಾರಸಾ ಹಕ್ಕಿನಿಂದ ಬಂದ ಆಸ್ತಿ, ಅದು ಹಣವಾಗಿರಲಿ, ನೆಲವಾಗಿರಲಿ, ಪಡೆದವರ ಆದಾಯವೆಂದು ಎಣಿಕೆಯಾಗುವುದಿಲ್ಲ. ತಂದೆ ಬದುಕಿದ್ದಾಗಲೇ ಮಕ್ಕಳಿಗೆ ಕೊಟ್ಟ ದಾನಕ್ಕೂ ತೆರಿಗೆಯಿಲ್ಲ. ಹಾಗಾದರೆ ತೆರಿಗೆ ಬೀಳುವುದೆಲ್ಲಿ? ಬಂದ ಆಸ್ತಿಯಿಂದ ಮುಂದೆ ಹುಟ್ಟುವ ಬಡ್ಡಿ, ಬಾಡಿಗೆಗಳ ಮೇಲೆ, ಮತ್ತು ಅದಕ್ಕಿಂತ ಮುಖ್ಯವಾಗಿ, ಆ ಆಸ್ತಿಯನ್ನು ಮಾರಿದ ದಿನ. ನಮ್ಮ ಜಿಲ್ಲೆಯ ಬಹುತೇಕ ಮನೆಗಳಲ್ಲಿ ಮಕ್ಕಳು ಬೆಂಗಳೂರು, ಪುಣೆ ಅಥವಾ ಅದಕ್ಕೂ ದೂರ ಸೇರಿದ್ದಾರೆ. ಇಂದಲ್ಲ ನಾಳೆ ಒಂದಾದರೂ ಆಸ್ತಿ ಮಾರಾಟವಾಗುತ್ತದೆ. ಆದ್ದರಿಂದ ಯೋಜನೆ ಮಾಡಬೇಕಾದದ್ದು ಸಾವಿನ ದಿನದ ತೆರಿಗೆಗಲ್ಲ, ಮಾರಾಟದ ದಿನದ ತೆರಿಗೆಗೆ.

ತೋಟದಿಂದ ಆರಂಭಿಸೋಣ. ಗ್ರಾಮೀಣ ಕೃಷಿ ಭೂಮಿಯನ್ನು ಆದಾಯ ತೆರಿಗೆ ಕಾಯ್ದೆ ಬಂಡವಾಳ ಆಸ್ತಿಯೆಂದು ಪರಿಗಣಿಸುವುದಿಲ್ಲ, ಹಾಗಾಗಿ ಅದನ್ನು ಎಷ್ಟೇ ಬೆಲೆಗೆ ಮಾರಿದರೂ ಬಂಡವಾಳ ಲಾಭದ ತೆರಿಗೆ ಇಲ್ಲ. ಗ್ರಾಮೀಣ ಎಂಬುದಕ್ಕೆ ಅಳತೆಯಿದೆ: ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಜನಸಂಖ್ಯೆಯುಳ್ಳ ಪುರಸಭೆ ಅಥವಾ ನಗರಸಭೆಯ ಗಡಿಯಿಂದ ಭೂಮಿ 2 ಕಿಲೋಮೀಟರಿಗಿಂತ ದೂರವಿರಬೇಕು. ಶಿರಸಿಯೂ ಕಾರವಾರವೂ ಈ ವರ್ಗಕ್ಕೇ ಸೇರುತ್ತವೆ. ಈ ದೂರವನ್ನು ರಸ್ತೆಯ ಮೇಲೆ ಅಳೆಯುವುದಿಲ್ಲ, ಆಕಾಶಮಾರ್ಗದ ನೇರ ರೇಖೆಯಲ್ಲಿ ಅಳೆಯುತ್ತಾರೆ. ಮಲೆನಾಡಿನಲ್ಲಿ ಇದು ದೊಡ್ಡ ವ್ಯತ್ಯಾಸ ತರುತ್ತದೆ. ಗುಡ್ಡ ಬಳಸಿ, ಹಳ್ಳ ದಾಟಿ, ಐದಾರು ಕಿಲೋಮೀಟರ್ ಸುತ್ತಿ ಹೋಗುವ ತೋಟವೊಂದು ನೇರ ರೇಖೆಯಲ್ಲಿ ನಗರಸಭೆಯ ಗಡಿಗೆ ಒಂದೂವರೆ ಕಿಲೋಮೀಟರಿನಲ್ಲೇ ಇರಬಹುದು, ಆಗ ಅದು ತೆರಿಗೆಯ ಕಣ್ಣಿಗೆ ಪೇಟೆಯ ಭೂಮಿಯೇ. ಪೇಟೆ ಬೆಳೆದು ಗಡಿ ಸರಿದರೆ ಇಂದು ಗ್ರಾಮೀಣವಾಗಿರುವುದು ನಾಳೆ ಹಾಗಿರಲಿಕ್ಕಿಲ್ಲ. ತೋಟದ ಅಂಚಿನಲ್ಲಿ ಮನೆಗಾಗಿ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಿದ ಗುಂಟೆಗಳಿದ್ದರೆ ಅವು ಕೃಷಿ ಭೂಮಿಯ ವಿನಾಯಿತಿಯನ್ನು ಕಳೆದುಕೊಂಡಿರುತ್ತವೆ ಎಂಬುದನ್ನೂ ಗಮನಿಸಿ.

ಆದರೆ ತೋಟದ ವಿಷಯದಲ್ಲಿ ತೆರಿಗೆಗಿಂತ ಹಕ್ಕಿನ ಪ್ರಶ್ನೆ ಮುಂದೆ ಬರುತ್ತದೆ. ಪಾಲಿನಲ್ಲಿ ಬಂದ ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯ ಅರ್ಥವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಯಾವ ಸಂದೇಹವೂ ಉಳಿಯದಂತೆ ಹೇಳಿದೆ. ಕುಟುಂಬದ ಅವಿಭಕ್ತ ಆಸ್ತಿಯನ್ನು ಪ್ರೀತಿ ವಿಶ್ವಾಸದ ಕಾರಣಕ್ಕೆ ಒಬ್ಬರಿಗೆ ದಾನ ಕೊಡುವ ಅಧಿಕಾರ ಮನೆಯ ಯಜಮಾನನಿಗಿಲ್ಲವೆಂದು ಅದೇ ನ್ಯಾಯಾಲಯ 2022ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ತೀರ್ಪಿತ್ತಿದೆ. ಅಂದರೆ ಇಡೀ ತೋಟವನ್ನು ಮಗನಿಗೆ ದಾನಪತ್ರ ಮಾಡಿದರೆ ಅದು ನಿಲ್ಲುವುದಿಲ್ಲ. ಮಗಳು ಎಂದಾದರೂ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಬೀಳುತ್ತದೆ. ನಿಮ್ಮ ಪಾಲಿನ ಮಟ್ಟಿಗೆ ಉಯಿಲು ಬರೆಯಲು ಮಾತ್ರ ಕಾನೂನು ಅವಕಾಶ ಕೊಡುತ್ತದೆ. ಮಗಳ ಕೈಯಲ್ಲಿ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರಾಯಿತು ಎಂದು ಯಾರಾದರೂ ಹೇಳಿದರೆ, ಆಕೆ ಎಲ್ಲವನ್ನೂ ತಿಳಿದು, ತಾನಾಗಿಯೇ ಒಪ್ಪಿದರೆ ಮಾತ್ರ ಅದಕ್ಕೆ ಕೈ ಹಾಕಿ. ಹಬ್ಬಕ್ಕೆಂದು ತವರಿಗೆ ಬಂದ ಹೆಣ್ಣುಮಗಳ ಮುಂದೆ ಕಾಗದ ಇಟ್ಟು ಸಹಿ ಕೇಳುವ ರೂಢಿಯನ್ನು ನಾನು ಒಪ್ಪುವುದಿಲ್ಲ. ನಮ್ಮ ಭಾಗದ ಎಷ್ಟೋ ದಾವೆಗಳ ಮೂಲ ಅದೇ.

ತೋಟಕ್ಕೆ ಹೊಂದಿದ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಅರಣ್ಯದ ಜಾಗ) ಇದ್ದರೆ ಅದು ನಿಮ್ಮ ಸ್ವಂತ ಭೂಮಿಯಲ್ಲ, ತೋಟಕ್ಕೆ ಅಂಟಿಕೊಂಡ ಅನುಭೋಗದ ಹಕ್ಕು. ಅದನ್ನು ಬೇರೆಯಾಗಿ ಒಬ್ಬರಿಗೆ ಬರೆದಿಡಲು ಹೋಗಬೇಡಿ. ಅತಿಕ್ರಮಣದ ಜಾಗಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೆ ಅದು ವಾರಸುದಾರರಿಗೆ ಇಳಿಯುತ್ತದೆ, ಆದರೆ ಮಾರಾಟಕ್ಕೋ ಪರಭಾರೆಗೋ ಬರುವುದಿಲ್ಲ.

ಈಗ ಪೇಟೆಯ ಮನೆ. ನಿಮ್ಮ ಪ್ರಶ್ನೆಯಲ್ಲಿ ನಿಜವಾದ ತೆರಿಗೆ ಇರುವುದು ಇಲ್ಲಿಯೇ. ವಾರಸಿಕೆಯಿಂದ ಅಥವಾ ದಾನದಿಂದ ಬಂದ ಆಸ್ತಿಯನ್ನು ಮಕ್ಕಳು ಮಾರಿದಾಗ, ಭಾರತದ ಕಾನೂನಿನಲ್ಲಿ ಅವರ ಅಸಲು ಬೆಲೆಯೆಂದರೆ ನೀವು ಕೊಟ್ಟ ಬೆಲೆ. ಅವರು ಆಸ್ತಿ ಹೊಂದಿದ್ದ ಅವಧಿಗೆ ನಿಮ್ಮ ಅವಧಿಯೂ ಸೇರುತ್ತದೆ. ಆದರೆ 2001ರ ಏಪ್ರಿಲ್ 1ಕ್ಕಿಂತ ಹಿಂದೆ ಕೊಂಡ ಆಸ್ತಿಗೆ ಕೊಂಡ ಬೆಲೆಯ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲೆಂದು ಹಿಡಿಯಬಹುದು, ಅದು ಅಂದಿನ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಮೀರಬಾರದು.

ಇದನ್ನು ಅಂಕಿಗಳಲ್ಲಿ ನೋಡಿ. ಆ ಮನೆ ಇಂದು 45 ಲಕ್ಷಕ್ಕೆ ಮಾರಾಟವಾಗುತ್ತದೆ, 2001ರ ಬೆಲೆ 6 ಲಕ್ಷವಿತ್ತು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. 2001ರ ದಾಖಲೆ ಸಿಗದೆ, 60,000 ರೂಪಾಯಿಯ ಖರೀದಿ ಪತ್ರವೊಂದೇ ಕೈಯಲ್ಲಿದ್ದರೆ ಲಾಭ 44.40 ಲಕ್ಷ, ಅದಕ್ಕೆ ಶೇಕಡಾ 12.5ರ ದರದಲ್ಲಿ ತೆರಿಗೆ 5.55 ಲಕ್ಷ. 2001ರ ಬೆಲೆಗೆ ಪುರಾವೆಯಿದ್ದರೆ ಲಾಭ 39 ಲಕ್ಷಕ್ಕೆ ಇಳಿಯುತ್ತದೆ, ತೆರಿಗೆ 4,87,500 ರೂಪಾಯಿ. ಇನ್ನೊಂದು ದಾರಿಯೂ ಇದೆ: 2024ರ ಜುಲೈ 23ಕ್ಕಿಂತ ಮೊದಲು ಭೂಮಿ ಅಥವಾ ಕಟ್ಟಡ ಪಡೆದಿದ್ದ, ಭಾರತದ ನಿವಾಸಿಯಾದ ವ್ಯಕ್ತಿ ಹಣದುಬ್ಬರದ ಸೂಚ್ಯಂಕದಿಂದ ಅಸಲನ್ನು ಹೆಚ್ಚಿಸಿಕೊಂಡು ಶೇಕಡಾ 20ರ ದರದಲ್ಲಿ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆಯಾದ ತೆರಿಗೆಯನ್ನು ಕಟ್ಟಬಹುದು. 2001-02ರ ಸೂಚ್ಯಂಕ 100, 2025-26ರದ್ದು 376. ಆಗ 6 ಲಕ್ಷದ ಅಸಲು 22.56 ಲಕ್ಷವಾಗುತ್ತದೆ, ಲಾಭ 22.44 ಲಕ್ಷ, ತೆರಿಗೆ 4,48,800 ರೂಪಾಯಿ. ಎಲ್ಲಕ್ಕೂ ಮೇಲೆ ಶೇಕಡಾ 4ರ ಸೆಸ್ ಇದೆ. ಸ್ಥೂಲವಾಗಿ, ಬೆಲೆ 2001ಕ್ಕಿಂತ ಎಂಟು ಪಟ್ಟಿಗೂ ಸ್ವಲ್ಪ ಹೆಚ್ಚು ಏರುವವರೆಗೆ ಸೂಚ್ಯಂಕದ ದಾರಿ ಲಾಭ, ಅದರಾಚೆ ಶೇಕಡಾ 12.5ರ ದಾರಿಯೇ ಲಾಭ.

ಒಂದು ಹಳೆಯ ದಾಖಲೆಯಿಂದ ಲಕ್ಷ ರೂಪಾಯಿ ಉಳಿಯುತ್ತದೆಯೆಂಬುದನ್ನು ಗಮನಿಸಿ. ಆದ್ದರಿಂದ ನೀವು ಗಟ್ಟಿಯಾಗಿರುವಾಗಲೇ ಶಿರಸಿಯ ಉಪನೋಂದಣಿ ಕಚೇರಿಯಿಂದ 2001ರ ಮಾರ್ಗಸೂಚಿ ದರದ ದೃಢೀಕೃತ ಪ್ರತಿ ಪಡೆದು, ನೋಂದಾಯಿತ ಮೌಲ್ಯಮಾಪಕರಿಂದ ಅಂದಿನ ಬೆಲೆಯ ವರದಿ ಮಾಡಿಸಿ, 1988ರ ಖರೀದಿ ಪತ್ರ, ಮನೆಗೆ ಮಾಡಿಸಿದ ದೊಡ್ಡ ದುರಸ್ತಿಗಳ ಬಿಲ್ಲು, ಕಂದಾಯ ರಸೀತಿಗಳ ಜೊತೆ ಒಂದೇ ಕಡೆ ಇಡಿ. ಹೆಂಚು ತೆಗೆದು ತಾರಸಿ ಹಾಕಿಸಿದ ವರ್ಷ ನಿಮಗೆ ನೆನಪಿದೆ, ಮಕ್ಕಳಿಗಿರುವುದಿಲ್ಲ.

ಸೂಚ್ಯಂಕದ ಆಯ್ಕೆ ಅನಿವಾಸಿಯಾದ ಮಗನಿಗೆ ಇಲ್ಲ. ಮಗಳ ವಿಷಯದಲ್ಲಿಯೂ, ಮುಂದೆ ವಾರಸಿಕೆಯಿಂದ ಬರುವ ಪಾಲಿಗೆ ಶೇಕಡಾ 12.5ನ್ನೇ ಹಿಡಿದು ಯೋಜಿಸುವುದು ಸುರಕ್ಷಿತ. ಆ ಮನೆಯನ್ನು ಇಬ್ಬರೂ ಇಟ್ಟುಕೊಳ್ಳುವುದಿಲ್ಲವೆಂದು ಈಗಲೇ ಖಚಿತವಾಗಿದ್ದರೆ, ನೀವೇ ನಿಮ್ಮ ಜೀವಿತದಲ್ಲಿ ಮಾರುವ ಬಗ್ಗೆ ಯೋಚಿಸಬಹುದು. ಸೂಚ್ಯಂಕದ ಆಯ್ಕೆ ನಿಮಗೆ ನಿಸ್ಸಂದೇಹವಾಗಿ ಇದೆ, ಲಾಭದ ಹಣವನ್ನು ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ 50 ಲಕ್ಷದವರೆಗೆ ತೊಡಗಿಸಿ ತೆರಿಗೆಯನ್ನು ಪೂರ್ತಿ ತಪ್ಪಿಸಿಕೊಳ್ಳಲೂಬಹುದು. ಮಗ ಮಾರುವುದಾದರೆ ಕೊಳ್ಳುವವರು ತೆರಿಗೆಯನ್ನು ಮೂಲದಲ್ಲೇ ಕಡಿತ (ಟಿಡಿಎಸ್) ಮಾಡಬೇಕಾಗುತ್ತದೆ, ಸಾಮಾನ್ಯವಾಗಿ ಲಾಭದ ಮೇಲಲ್ಲ, ಅವನ ಪಾಲಿನ ಇಡೀ ಮೊತ್ತದ ಮೇಲೆ. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಮಾರಾಟಕ್ಕೆ ಮುಂಚೆಯೇ ತೆರಿಗೆ ಇಲಾಖೆಯಿಂದ ಪಡೆದಿದ್ದರೆ ಹಣ ಸಿಕ್ಕಿಕೊಳ್ಳುವುದಿಲ್ಲ.

ಅಮೆರಿಕದ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ದಾನಪತ್ರ ಬೇಡವೆನ್ನುವುದಕ್ಕೆ ನನ್ನ ಮುಖ್ಯ ಕಾರಣ ಇಲ್ಲಿದೆ. ಆ ದೇಶದ ಎಸ್ಟೇಟ್ ಟ್ಯಾಕ್ಸ್ ಬೀಳುವುದು ತೀರಿಕೊಂಡವರ ಆಸ್ತಿಯ ಮೇಲೆ, ಪಡೆಯುವ ಮಗನ ಮೇಲಲ್ಲ. ನೀವು ಅಲ್ಲಿಯ ಪ್ರಜೆಯಲ್ಲ, ಅಲ್ಲಿ ನೆಲೆಸಿದವರೂ ಅಲ್ಲ, ಆಸ್ತಿ ಇರುವುದು ಶಿರಸಿಯಲ್ಲಿ. ಆದ್ದರಿಂದ ಅದು ನಿಮಗೆ ಅನ್ವಯಿಸುವುದೇ ಇಲ್ಲ. ಒಂದು ಅಪವಾದ ಮಾತ್ರ ಇದೆ: ನಿಮ್ಮ ಹೆಸರಿನಲ್ಲಿಯೇ ಅಮೆರಿಕದ ಕಂಪನಿಗಳ ಷೇರು ಅಥವಾ ಅಲ್ಲಿಯ ಮನೆ ಇದ್ದು, ಅದರ ಬೆಲೆ 60,000 ಡಾಲರ್ ದಾಟಿದರೆ ಆ ಭಾಗಕ್ಕೆ ತೆರಿಗೆಯಿದೆ. ಮಗ ಪ್ರೀತಿಯಿಂದ ಅಪ್ಪನ ಹೆಸರಿನಲ್ಲಿ ಅಲ್ಲಿಯ ಷೇರು ಕೊಂಡಿಟ್ಟಿದ್ದರೆ ಮೊದಲು ಅದನ್ನು ಪರಿಶೀಲಿಸಿ. ಇದಕ್ಕೆ ತದ್ವಿರುದ್ಧವಾಗಿ, ಅಲ್ಲಿ ಸ್ಥಿರವಾಗಿ ನೆಲೆಸಿದ ನಿಮ್ಮ ಮಗನ ಆಸ್ತಿ ಜಗತ್ತಿನ ಎಲ್ಲಿದ್ದರೂ ಅವನ ಎಸ್ಟೇಟಿಗೆ ಸೇರುತ್ತದೆ, 2026ರಲ್ಲಿ 1.5 ಕೋಟಿ ಡಾಲರ್‌ವರೆಗೆ ವಿನಾಯಿತಿ ಇರುವುದರಿಂದ ಹೆಚ್ಚಿನವರಿಗೆ ಇದು ತಟ್ಟುವುದಿಲ್ಲ, ಆದರೂ ದಾನಪತ್ರ ಮಾಡಿದ ಕ್ಷಣ ನಿಮ್ಮ ಮನೆ ಆ ತೆರಿಗೆಯ ವ್ಯಾಪ್ತಿಗೆ ಹೋಗುತ್ತದೆ.

ಹೆಚ್ಚು ತೂಕದ ವಿಷಯ ಅಸಲು ಬೆಲೆಯದು. ಅಮೆರಿಕದ ಕಾನೂನಿನಲ್ಲಿ, ತಂದೆ ಬದುಕಿದ್ದಾಗ ದಾನ ಕೊಟ್ಟ ಆಸ್ತಿಗೆ ಮಗನ ಅಸಲು ತಂದೆಯ ಹಳೆಯ ಅಸಲೇ. ತಂದೆಯ ಮರಣಾನಂತರ ಬಂದ ಆಸ್ತಿಗೆ ಮರಣದ ದಿನದ ಮಾರುಕಟ್ಟೆ ಬೆಲೆಯೇ ಅಸಲು. ಅಮೆರಿಕದಲ್ಲಿ ನೆಲೆಸಿದವನು ಭಾರತದ ಮನೆಯನ್ನು ಮಾರಿದರೂ ಅಲ್ಲಿ ಲೆಕ್ಕ ಕೊಡಬೇಕು. ನೀವು ಇಂದು ದಾನಪತ್ರ ಮಾಡಿ, ಅವನು ಮುಂದೆ ಮಾರಿದರೆ, ಸರಿಸುಮಾರು ಇಡೀ 45 ಲಕ್ಷವೂ ಅಲ್ಲಿ ಲಾಭವೆನಿಸುತ್ತದೆ, ನಮ್ಮ 2001ರ ಬೆಲೆ ಅಲ್ಲಿ ನಡೆಯುವುದಿಲ್ಲ. ಉಯಿಲಿನ ಮೂಲಕ ಬಂದು ಸ್ವಲ್ಪ ಕಾಲದಲ್ಲೇ ಮಾರಿದರೆ ಅಲ್ಲಿ ಲಾಭ ಬಹುತೇಕ ಸೊನ್ನೆ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ವಜಾ ಸಿಗುತ್ತದೆಯಾದರೂ ಎರಡು ದೇಶಗಳ ದರಗಳ ವ್ಯತ್ಯಾಸವನ್ನು ಅವನೇ ತೆರಬೇಕಾಗಬಹುದು. ತೋಟದಲ್ಲಿ ಅವನಿಗೆ ಹುಟ್ಟಿನಿಂದಲೇ ಇರುವ ಪಾಲಿಗೆ ಈ ಲೆಕ್ಕ ಹೀಗೆಯೇ ಹೊಂದುವುದಿಲ್ಲ, ಆ ಬಗ್ಗೆ ಅವನು ಅಲ್ಲಿಯ ತೆರಿಗೆ ಸಲಹೆಗಾರರನ್ನು ಕೇಳಲಿ. ವಿದೇಶದಲ್ಲಿರುವ ತಂದೆತಾಯಿಯಿಂದ ವರ್ಷದಲ್ಲಿ 1 ಲಕ್ಷ ಡಾಲರ್ ಮೀರಿ ದಾನವೋ ವಾರಸಿಕೆಯೋ ಬಂದರೆ 3520 ಎಂಬ ನಮೂನೆಯಲ್ಲಿ ತಿಳಿಸಬೇಕು. ತೆರಿಗೆಯಿಲ್ಲದಿದ್ದರೂ ತಿಳಿಸದಿದ್ದರೆ ಶೇಕಡಾ 25ರವರೆಗೆ ದಂಡವಿದೆ. ಇಲ್ಲಿ ಅವನ ಬ್ಯಾಂಕ್ ಖಾತೆಗಳ ಮೊತ್ತ 10,000 ಡಾಲರ್ ದಾಟಿದರೆ ಅದಕ್ಕೂ ಪ್ರತ್ಯೇಕ ವರದಿಯಿದೆ. ಹಣವನ್ನು ಅಲ್ಲಿಗೆ ಒಯ್ಯುವುದು ಕಷ್ಟವಲ್ಲ: ವಾರಸಿಕೆಯ ಆಸ್ತಿಯ ಹಣವನ್ನು ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಕಳುಹಿಸಬಹುದು. ಅನಿವಾಸಿಗಳು ಕೃಷಿ ಭೂಮಿ ಕೊಳ್ಳುವಂತಿಲ್ಲ ನಿಜ, ಆದರೆ ವಾರಸಿಕೆಯಿಂದ ಪಡೆಯಲು ಯಾವ ಅಡ್ಡಿಯೂ ಇಲ್ಲ.

ಸೀಬರ್ಡ್ ಪರಿಹಾರದ ಬಗ್ಗೆ. ಹೋದದ್ದು ಗ್ರಾಮೀಣ ಕೃಷಿ ಭೂಮಿಯಾಗಿದ್ದರೆ ಪರಿಹಾರದ ಅಸಲು ಮೊತ್ತಕ್ಕೆ ತೆರಿಗೆಯಿಲ್ಲ. ಹೆಚ್ಚುವರಿ ಪರಿಹಾರದ ಮೇಲಿನ ಬಡ್ಡಿ ಮಾತ್ರ ಕೈಗೆ ಬಂದ ವರ್ಷದ ಆದಾಯ, ಅದರಲ್ಲಿ ಅರ್ಧಕ್ಕೆ ಕಡಿತ ಸಿಗುತ್ತದೆ. ಮೂಲ ಭೂಮಾಲೀಕರು ತೀರಿಕೊಂಡು ವಾರಸುದಾರರ ಕೈಗೆ ಹಣ ಬಂದಾಗ, ತೆರಿಗೆಗೆ ಒಳಪಡುವ ಭಾಗವೇನಾದರೂ ಇದ್ದರೆ ಅದು ಪಡೆದವರ ಆದಾಯವೇ. ಆದ್ದರಿಂದ ಆದೇಶದಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು ಎಂಬ ವಿವರವನ್ನು ಬೇರ್ಪಡಿಸಿ ಪಡೆದುಕೊಳ್ಳಿ. ಈ ಹಣ ನಿಮ್ಮ ಪತ್ನಿಯದು, ಅದಕ್ಕೆ ಉಯಿಲು ಬರೆಯಬೇಕಾದವರೂ ಅವರೇ.

ಪತ್ನಿಯ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಹೆಚ್ಚು ಮಾತಿಲ್ಲ, ಆದರೆ ನನ್ನ ಮಟ್ಟಿಗೆ ಈ ಇಡೀ ಯೋಜನೆ ಅವರಿಂದಲೇ ಆರಂಭವಾಗಬೇಕು. ಎಲ್ಲವನ್ನೂ ಮಗನಿಗೆ ದಾನ ಕೊಟ್ಟ ದಿನದಿಂದ ನೀವಿಬ್ಬರೂ ಕಾನೂನಿನಲ್ಲಿ ಮಗನ ಮನೆಯಲ್ಲಿರುವವರು. ನೋಂದಾಯಿತ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂಪಡೆಯಲಾಗುವುದಿಲ್ಲ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ದಾನವನ್ನು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ರದ್ದುಪಡಿಸಲು ಅವಕಾಶವಿದೆ, ಆದರೆ 72ರ ವಯಸ್ಸಿನಲ್ಲಿ ಮಗನ ವಿರುದ್ಧ ಉಪವಿಭಾಗಾಧಿಕಾರಿಯ ಮುಂದೆ ನಿಲ್ಲುವ ಸ್ಥಿತಿ ಯಾರಿಗೂ ಬರಬಾರದು. ನಿಮ್ಮ ಮಗ ಒಳ್ಳೆಯವನೇ ಇರಬಹುದು, ಆದರೆ ಅವನಿಗೇ ಏನಾದರೂ ಹೆಚ್ಚುಕಡಿಮೆಯಾದರೆ ಆಸ್ತಿ ಅವನ ವಾರಸುದಾರರದಾಗುತ್ತದೆ. ಉಯಿಲಿನಲ್ಲಿ ಪೇಟೆಯ ಮನೆ ಮತ್ತು ಠೇವಣಿಗಳ ಮೇಲೆ ಪತ್ನಿಗೆ ಮೊದಲ ಹಕ್ಕು ಅಥವಾ ಜೀವಿತಾವಧಿಯ ಅನುಭೋಗ ಕೊಟ್ಟು, ಅವರ ನಂತರ ಮಕ್ಕಳಿಗೆ ಹೋಗುವಂತೆ ಬರೆಯಬಹುದು.

ಠೇವಣಿಗಳಿಗೆ ನಾಮಿನಿ ಹೆಸರಿದ್ದರೆ ಸಾಕೆಂದು ಹಲವರು ತಿಳಿದಿದ್ದಾರೆ. ನಾಮಿನಿ ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವನೇ ಹೊರತು ಅದರ ಒಡೆಯನಲ್ಲ. ಷೇರುಗಳ ವಿಷಯದಲ್ಲಿಯೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿದೆ. ಬ್ಯಾಂಕ್ ಠೇವಣಿಗಳಿಗೆ 2025ರ ನವೆಂಬರ್‌ನಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಉಯಿಲಿನಲ್ಲಿ ಬರೆದ ಹೆಸರೂ ನಾಮಿನಿಯ ಹೆಸರೂ ಒಂದೇ ಆಗಿರುವಂತೆ ನೋಡಿಕೊಳ್ಳಿ. ನೀವು ತೀರಿಕೊಂಡ ವರ್ಷದ ಆದಾಯಕ್ಕೆ ರಿಟರ್ನ್ ಸಲ್ಲಿಸುವ ಹೊಣೆ ವಾರಸುದಾರರದು. ನಿಮ್ಮ ತೆರಿಗೆ ಬಾಕಿಗೂ ಅವರೇ ಹೊಣೆ, ಆದರೆ ನಿಮ್ಮಿಂದ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ.

ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ಬಿಳಿ ಹಾಳೆಯ ಮೇಲೆ ಬರೆದರೂ ನಡೆಯುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೂ ನಿಮ್ಮ ಸಂದರ್ಭದಲ್ಲಿ ಒಬ್ಬರು ವಿದೇಶದಲ್ಲಿ, ಒಬ್ಬರು ಊರ ಸಮೀಪದಲ್ಲಿ ಇರುವುದರಿಂದ ನೋಂದಣಿ ಮಾಡಿಸಿ ಎಂದೇ ಹೇಳುತ್ತೇನೆ. ಇಬ್ಬರು ಸಾಕ್ಷಿಗಳು ಬೇಕು, ಮುಂದೆ ವಿವಾದವಾದರೆ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ಆದ್ದರಿಂದ ನಿಮಗಿಂತ ಕಿರಿಯರನ್ನು, ಆಸ್ತಿಯಲ್ಲಿ ಪಾಲಿಲ್ಲದವರನ್ನು ಆರಿಸಿ. ಸರ್ವೆ ನಂಬರು, ಹಿಸ್ಸಾ, ಚಕ್ಕುಬಂದಿಗಳನ್ನು ಪಹಣಿಯಲ್ಲಿರುವಂತೆಯೇ ಬರೆಯಿರಿ. ಅದಕ್ಕೂ ಮೊದಲು ಪಹಣಿಯನ್ನೇ ಒಮ್ಮೆ ತೆಗೆಸಿ ನೋಡಿ: ಪಾಲಾಗಿ ದಶಕಗಳು ಕಳೆದಿದ್ದರೂ ನಿಮ್ಮ ತಂದೆಯವರ ಅಥವಾ ಅಣ್ಣತಮ್ಮಂದಿರ ಜಂಟಿ ಹೆಸರು ಅದರಲ್ಲಿ ಉಳಿದಿದ್ದರೆ ಪೌತಿ ಖಾತೆ (ಮೃತರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮತ್ತು ಪೋಡಿಯ (ಪಾಲನ್ನು ಅಳೆದು ಬೇರ್ಪಡಿಸುವ) ಕೆಲಸಕ್ಕೆ ಈ ಮಳೆಗಾಲದೊಳಗೆ ಅರ್ಜಿ ಕೊಡಿ, ಉಯಿಲಿನ ಕರಡನ್ನು ಅದರ ನಂತರ ಸಿದ್ಧಪಡಿಸಿ.